ಹಿಂಬಾಗಿಲಿಲ್ಲದ ಹಡಗು

ನಮ್ಮ ಅಳಿಯಂದ್ರು ಭಾಳ ಛಲೋ ಮನಿಷ್ಯಾರು. ನನ್ನ ಸಿಟ್ಟು ಇರೂದ ಅದಕ್ಕ. ಕೆಟ್ಟವರಾಗಿದ್ರ ನಾಕು ಬೈದು, ನೀರು ಕುಡದು ಮಲಗ್ತಿದ್ದೆ. ಛಲೋ ಮನಿಷ್ಯಾರ ಮ್ಯಾಲ ಬಂದ ಸಿಟ್ಟು ಹಸಿ ಶೇಂಗಾ ತಿಂದಂಗ, ಹೊಟ್ಟ್ಯಾಗ ಕುಂತ ಬಿಡತೈತಿ.

ಹೆಸರು ಸುಪ್ರೀತ್. ನಮ್ಮ ತ್ರಿವೇಣಿ ಗಂಡ. ಮೈಸೂರು ಕಡೇವರು, ಅದಕ್ಕ ಮಾತು ಮೆತ್ತಗ. ಅಮೆರಿಕಾದ ಬೆಲ್ವ್ಯೂದಾಗ ಆಫೀಸು, ಸ್ನೊಕ್ವಾಲ್ಮಿಯೊಳಗ ಗುಡ್ಡದ ಮ್ಯಾಲ ಮನಿ. ಈ ಮನಿಷ್ಯಾಗ ಒಂದ ಒಂದು ರೋಗ ಐತಿ. ಕೆಟ್ಟ ಸುದ್ದಿ ಹೇಳಾಕ ಬಾಯಿ ಬರಂಗಿಲ್ಲ. ಒಂದ ಸಲ ಆಫೀಸಿನ್ಯಾಗ ಯಾರನ್ನೋ ಕೆಲಸದಿಂದ ತಗೀಬೇಕಾಗಿತ್ತಂತ, ಹೇಳೂ ಪಾಳಿ ಇವರಿಗೆ ಬಂತು. ಆ ಹುಡುಗನ್ನ ಕರಕೊಂಡು ಹೋಗಿ ಕಾಫಿ ಕುಡಿಸಿದ್ರು, ಕೇಕ್ ತಿನಿಸಿದ್ರು, ನಿನ್ನ ಕೆಲಸ ಭಾಳ ಛಂದ ಅಂದ್ರು. ಆಂವ ಪ್ರಮೋಶನ್ ಆತು ಅಂತ ತಿಳಕೊಂಡು ಹೆಂಡ್ತಿಗೆ ಫೋನ್ ಮಾಡಿದ! ತ್ರಿವೇಣಿ ಇದನ್ನ ಹೇಳಿ ಹೇಳಿ ನಗ್ತಾಳ. ನಾನೂ ನಕ್ಕೀನಿ. ಈಗ ನಗೂದಿಲ್ಲ.

ನಮ್ಮ ಕಡೆ ಅತ್ತಿ ಆದಾಕಿ ಅಳಿಯನ ಮುಂದ ಕುಂದರಂಗಿಲ್ಲ. ನಮ್ಮವ್ವ ನಮ್ಮ ಯಜಮಾನ್ರ ಜೋಡಿ ಮಾತಾಡೂದಾದ್ರ ಬಾಗಲ ಹಿಂದ ನಿಂತು, ಸೆರಗು ಹೊತ್ತು, ಬಾಗಲಕ್ಕ ಹೇಳಿದಂಗ ಹೇಳ್ತಿದ್ಲು. ಈ ಊರಾಗ ಹಂತಾ ಬಾಗಲ ಎಲ್ಲಿ ತರೂದು? ಅಡಗಿಮನಿ, ನಡುಮನಿ ಎಲ್ಲಾ ಒಂದ. ನಾ ಬಂದ ಹೊಸದಾಗ ಹೊರಗ ಜಿಟಿಜಿಟಿ ಮಳಿ, ಒಳಗ ನಾವಿಬ್ಬರೂ ಮೂಕರು. ತ್ರಿವೇಣಿಗೆ ಶುಕ್ರವಾರ ಆಸ್ಪತ್ರಿ ಡ್ಯೂಟಿ. ಒಂದ ಶುಕ್ರವಾರ ಇವರ ಕೇಳಿದ್ರು, "ಅತ್ತೆ, ಟೀವೀಲಿ ಒಂದ್ ಕಥೆ ನೋಡ್ತೀರಾ? ನಾನು ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ."

ಅದ ಹಡಗಿನ ಕಥಿ. ಇಂಗ್ಲಿಷ್ ಹೆಸರು ನನ್ನ ನಾಲಗಿಗೆ ಹೊಳ್ಳಂಗಿಲ್ಲ. ಚುಕ್ಕಿ ನಡುವ ಒಂದು ಹಡಗು ಹೊಂಟೈತಿ, ಅದಕ್ಕ ಊರಿಲ್ಲ, ಸಿಕ್ಕ ಚುಕ್ಕಿಗೆ ಇಳದು ಮಂದಿ ಜಗಳಾ ಬಿಡಿಸಿ ಮತ್ತ ಹೊಂಡತೈತಿ. ಹದಿನೈದು ವರ್ಷದ ಹಿಂದ ಮುಗದು ಹೋದ ಕಥಿ, ಆದ್ರೂ ಇವರು ಹುಚ್ಚು. ಗ್ಯಾರೇಜಿನ್ಯಾಗ ಕಟಗಿಲೆ ಆ ಹಡಗು ಮಾಡ್ಯಾರ, ಒಂದೊಂದು ಖೋಲಿ, ಒಂದೊಂದು ಕಿಟಕಿ. ಕಾರು ಹೊರಗ ಮಳಿಯಾಗ ನಿಂತೈತಿ, ಹಡಗು ಒಳಗ ಬೆಚ್ಚಗೈತಿ.

ಸೋಫಾದ ಆ ತುದಿಗೆ ಅವರು, ಈ ತುದಿಗೆ ನಾನು, ನಡುವ ಒಂದು ದಿಂಬು. ಮರ್ಯಾದಿ ದಿಂಬು. ಅವರು ಹೇಳ್ತಿದ್ರು, ನಾ ಹೂಂ ಅಂತಿದ್ದೆ. ಹಡಗಿನ ಎಂಜಿನ್ ನೋಡಿಕೊಳ್ಳಾಕಿ ಒಬ್ಬಾಕಿ ಇದ್ಲು, ಡೋರಿನ್ ಅಂತ. ನಾ ಅಕಿಗೆ ದ್ಯಾಮಕ್ಕ ಅಂತಿದ್ದೆ. ಕೈಗೆಲ್ಲಾ ಎಣ್ಣಿ ಮಸಿ, ಕಂಡಕಂಡವರನ್ನ ಬಯ್ಯಾಕಿ, ಕ್ಯಾಪ್ಟನ್‌ನ್ನೂ ಬಿಡ್ತಿದ್ದಿಲ್ಲ. ಥೇಟ್ ನಮ್ಮ ಗಂಗಿ.

ಗಂಗಿ ಅಂದ್ರ ನನ್ನ ತಂಗಿ ಗಂಗಮ್ಮ. ನರೇಗಲ್ಲಾಗ ಮಗ ಈರಬಸಪ್ಪನ ಮನ್ಯಾಗ ಇರ್ತಾಳ. ಇರ್ತಿದ್ಲು. ತಡೀರಿ, ಅಲ್ಲಿಗೆ ಬರ್ತೀನಿ. ಪ್ರತಿ ಐತವಾರ ಫೋನಿನ್ಯಾಗ ಬರ್ತಿದ್ಲು. ಅಕಿ ಊರ ಮಂದೀನ ಬಯ್ಯಾಕಿ, ನಾ ಇಲ್ಲಿ ಮಂದೀನ. ಸಂಕ್ರಾಂತಿ ಆದ ಮ್ಯಾಲ ಫೋನ್ ನಿಂತ ಬಿಟ್ತು. ನಂಬರ್ ಹಚ್ಚಿ ಕೊಡವರು ಅಳಿಯಂದ್ರ. ಕೇಳಿದ್ರ ಹೇಳಿದ್ರು, "ಚಿಕ್ಕತ್ತೆ ಮೊಮ್ಮಗಳ ಬಾಣಂತನಕ್ಕೆ ಹೋಗಿದಾರಂತೆ ಅತ್ತೆ. ಆ ಊರಲ್ಲಿ ಫೋನ್ ಸಿಗಲ್ವಂತೆ."

ನನಗ ಉರದು ಹೋತು. ಸ್ವಂತ ಮೊಣಕಾಲು ಮಡಚಾಕ ಬರಂಗಿಲ್ಲ, ಬಾಣಂತನ ಮಾಡಾಕ ಹೊಂಟಾಳ! ಹೋಗೂ ಮೊದಲ ಅಕ್ಕಗ ಒಂದು ಮಾತು ಹೇಳಬೇಕೋ ಬ್ಯಾಡೋ? ಯುಗಾದಿನೂ ಬಂತು. ಬೇವು ಬೆಲ್ಲ ಬಾಯಾಗ ಹಾಕ್ಕೊಂಡು ಫೋನ್ ನೋಡ್ಕೋತ ಕುಂತೆ. ಇಲ್ಲ. ಅವತ್ತ ಆಣಿ ಮಾಡೀನಿ: ಇನ್ನ ಅಕಿ ಫೋನ್ ಮಾಡಿದ್ರೂ ನಾ ಮಾತಾಡೂದಿಲ್ಲ. ಹಿರೇಕಿ ನಾನು, ಅಕಿ ಬರಲಿ ಕಾಲಿಗೆ. ದಿನಾ ಬೆಳಿಗ್ಗೆ ಎದ್ದ ಕೂಡಲೆ ಅಕೀನ ಬೈಯೂದು, ಆಮ್ಯಾಲ ಚಾ. ಅಳಿಯಂದ್ರು ಕೇಳ್ತಿದ್ರು. ತಲಿ ಕೆಳಗ ಹಾಕಿ ಚಾ ಕುಡೀತಿದ್ರು.

ಆ ಡೋರಿನ್ ದ್ಯಾಮಕ್ಕನೂ ಹಿಂಗ. ಎರಡನೇ ಭಾಗದಾಗ ಒಮ್ಮಿಂದೊಮ್ಮೆ ಕಾಣಲಾರದಂಗ ಆದ್ಲು. ಎಲ್ಲಿ ಅಂದ್ರ, ಮಗಳ ಬಾಣಂತನಕ್ಕ ಬ್ಯಾರೆ ಚುಕ್ಕಿಗೆ ಹೋಗ್ಯಾಳ ಅಂದ್ರು. ನಾ ವರ್ಷಗಟ್ಟಲೆ ಕೇಳೀನಿ, "ಏನ್ರಿ ಇದು, ಇನ್ನೂ ಮುಗೀಲಿಲ್ಲೇನ ಬಾಣಂತನ?" "ಅವಳಿ ಮಕ್ಕಳು ಅತ್ತೆ." ಮತ್ತ ಕೇಳಿದ್ರ, "ಎರಡನೇ ಹೆರಿಗೆ ಅತ್ತೆ." ಹಡಗಿನ್ಯಾಗ ಎಲ್ಲಾರೂ ಕರೇ ಅಂಗಿ ಹಾಕ್ಕೊಂಡು ಅಳಾಕತ್ತಾರ. ಯಾಕಂದ್ರ, "ಅವರು ಹೋಗಿಬಿಟ್ರಲ್ಲಾ ಅಂತ ಬೇಜಾರು." ನಾನೂ ನಂಬೀನಿ. ಕೆಲಸಾ ಮಾಡೂ ಹೆಣಮಗಳು ಮನಿ ಬಿಟ್ಟು ಹೋದ್ರ ಅಳು ಬರೂದ ಮತ್ತ.

ಈಗ ಹದಿನೈದು ವರ್ಷದ ಮ್ಯಾಲ ಅದ ಮಂದಿ ಎಲ್ಲಾ ಮತ್ತ ಕೂಡಿ ಕಡೀ ಕಥಿ ಒಂದು ಮಾಡ್ಯಾರ ಅಂತ ಸುದ್ದಿ ಬಂತು. ನಮ್ಮ ಮನ್ಯಾಗ ಮದಿವಿ ಗದ್ದಲ! ಶನಿವಾರ ಮಧ್ಯಾಹ್ನ ನಡುಮನಿ ತುಂಬ ಮಂದಿ. ಎಲ್ಲಾರೂ ಹಡಗಿನ ಮಂದಿಯಂಗ ನೀಲಿ ಅಂಗಿ, ಹಿತ್ತಾಳಿ ಗುಂಡಿ. ಫ್ರೀಮಾಂಟಿನಿಂದ ಪೃಥ್ವಿ ಬಂದಿದ್ದ, ಅಳಿಯಂದ್ರ ಗೆಳೆಯ, ಬೆಂಗಳೂರಿನಾಂವ, ಬಾಯಿ ಅಂದ್ರ ಡೊಳ್ಳು. ಬೆಲ್ವ್ಯೂದಿಂದ ಭಾನುಮತಿ ಬಂದಿದ್ಲು, ತಲಿ ಎಲ್ಲಾ ಬೆಳ್ಳಗಾಗೈತಿ, ಅಕಿನೂ ಆ ಅಂಗಿ ಹಾಕ್ಕೊಂಡಿದ್ಲು. ನಾನು ಗಿರ್ಮಿಟ್ ಮಾಡಿ, ಮೆಣಸಿನಕಾಯಿ ಭಜಿ ಹಿಟ್ಟು ಕಲಿಸಿಟ್ಟು, ನನ್ನ ಜಾಗಾದಾಗ ಕುಂತೆ. ತ್ರಿವೇಣಿ ಒಲಿ ಮುಂದ ಎಣ್ಣಿ ಕಾಸ್ಕೋತ ನಿಂತಿದ್ಲು. ನನ್ನ ಮೊಮ್ಮಗಳು ಜಾಹ್ನವಿ ನೆಲದ ಮ್ಯಾಲ.

ಕಥಿ ಛಲೋನ ನಡೀತು. ಕಡೀಕ ಹಡಗು ಸುಡಾಕತ್ತೈತಿ, ಎಲ್ಲಾ ಮುಗೀತು ಅನ್ನೂದ್ರಾಗ ಬಾಗಲ ತಗೀತು. ಯಾರು ನಿಂತಾರ? ದ್ಯಾಮಕ್ಕ! ಅದ ಮಸಿ ಕೈ. "ನನ್ನ ಎಂಜಿನ್ ಹಾಳು ಮಾಡೀರಿ" ಅಂತ ಬಂದ ಕೂಡಲೆ ಬಯ್ಯಾಕತ್ತಿದ್ಲು. ಮುಗೀತು ಕಥಿ.

ಯವ್ವಾ, ಆ ಖೋಲ್ಯಾಗ ಎದ್ದ ಸಿಟ್ಟು ನೋಡಬೇಕಿತ್ತು! ಪೃಥ್ವಿ ದಿಂಬು ಎತ್ತಿ ಟೀವಿಗೆ ಒಗದ. ನನ್ನ ಮರ್ಯಾದಿ ದಿಂಬು!

"ಮೋಸ! ಹದಿನೈದ್ ವರ್ಷ ಮೋಸ ಮಾಡಿದಾರೆ ಕಣ್ರೋ! ಹೊಗೆ ಒಳಗೆ ಹಿಂಬಾಗಿಲಿಂದ ತಪ್ಪಿಸ್ಕೊಂಡ್ಲಂತೆ. ಎಂಜಿನ್ ರೂಮಿಗೆ ಹಿಂಬಾಗಿಲು ಎಲ್ಲಿದೆ?" ಓಡಿ ಹೋಗಿ ಗ್ಯಾರೇಜಿಂದ ಅಳಿಯಂದ್ರ ಕಟಗಿ ಹಡಗು ಹೊತ್ತುಕೊಂಡು ಬಂದ. "ತೋರಿಸ್ರಿ! ಒಂದೇ ಬಾಗಿಲು, ಅದರ ಮುಂದೆ ಕ್ಯಾಪ್ಟನ್ನೇ ನಿಂತಿದ್ದ!"

ಭಾನುಮತಿ ಅಂತೂ ಎದ್ದ ನಿಂತ್ಲು. "ನಾನು ಅವತ್ತು ಒಲೆ ಹಚ್ಚಿರ್ಲಿಲ್ಲ ಕಣೋ. ನಮ್ಮಮ್ಮ ಸತ್ತಾಗ ಎಷ್ಟು ಅತ್ತಿದ್ನೋ ಅಷ್ಟೇ ಅತ್ತಿದೀನಿ. ಈಗ ಬಂದು, ಸುಮ್ನೆ ಅಂದ್ವಿ, ಅವಳು ಇದಾಳೆ ಅಂದ್ರೆ? ನನ್ನ ಅಳು ಏನು ತಮಾಷೆನಾ?"

"ಕಂಪ್ಲೇಂಟ್ ಬರೀತೀನಿ. ಎಲ್ಲಾ ಕಡೆ ಫ್ಯಾನ್ಸ್ ಬರೀತಿದಾರೆ ಆಗಲೇ. ಈ ಎಂಡಿಂಗ್ ತೆಗೀಲೇಬೇಕು," ಪೃಥ್ವಿ ಫೋನ್ ಒತ್ತಾಕತ್ತಿದ್ದ.

ನನಗೊಂದು ತಿಳೀಲಿಲ್ಲ. ಬಂದಾಕೀನ ನೋಡಿ ಹಿಂಗ ಒದರಾಡೂದೇನು? ನಾ ಒಬ್ಬಾಕಿನ ಖುಷಿಲೆ ಕೈ ಬಡದೆ. "ಅಲ್ರೋ, ಬಂದ್ಲಲ್ಲ ಸಾಕಲ್ಲೇನು? ತಡಾ ಆತು ಖರೇ. ಮಗಳ ಬಾಣಂತನ ಅಂದ್ರ ಸುಮ್ಮನ ಏನು?"

ಪೃಥ್ವಿ ಫೋನ್ ಒತ್ತೂದು ಬಿಟ್ಟ.

"ಯಾವ ಮಗಳು ಅಮ್ಮಾ?" ಭಾನುಮತಿ ಕೇಳಿದ್ಲು. "ಡೋರಿನ್‌ಗೆ ಮಕ್ಕಳೇ ಇಲ್ವಲ್ಲ."

ಜಾಹ್ನವಿ ತಿರುಗಿ ನೋಡಿದ್ಲು. ಆ ಹುಡುಗಿಗೆ ಕನ್ನಡ ತಿಳೀತೈತಿ, ಬಾಯಿಂದ ಬರೂದು ಇಂಗ್ಲಿಷ. "ಅಜ್ಜಿ, ಷಿ ಡೈಡ್. ಸೀಸನ್ ಟೂ. ಎವ್ರಿಬಡಿ ನೋಸ್ ದಟ್."

ನಾ ಅಳಿಯಂದ್ರ ಕಡೆ ನೋಡಿದೆ. ಅವರು ಕಾಲಾಗಿನ ಸಾಕ್ಸ್ ನೋಡ್ಕೋತ ಕುಂತಿದ್ರು. ಮೊದಲ ನನಗ ನಗಿ ಬಂತು, ನೋಡ್ರಿ. ಸತ್ತಾಕೀನ ಬಾಣಂತನಕ್ಕ ಕಳಿಸಿದ್ರಲ್ಲ ಈ ಮನಿಷ್ಯಾ, ಅಂತ. ಆಮ್ಯಾಲ ಇನ್ನೊಂದು ಬಾಣಂತನ ನೆನಪಾತು.

"ಅಳಿಯಂದ್ರ, ನಮ್ಮ ಗಂಗಿ ಎಲ್ಲಿ ಅದಾಳ?"

ಒಲಿ ಮುಂದ ಭಜಿ ಸುಡು ವಾಸನಿ ಬಂತು. ತ್ರಿವೇಣಿ ಜಾಲರಿ ಸೌಟು ಹಿಡಕೊಂಡು ನಿಂತ್ಲು, ಎಣ್ಣಿಯಾಗಿಂದ ತಗೀವಲ್ಲಳು. ಮಂದಿ ಚಪ್ಪಲಿ ಹುಡುಕಾಕತ್ತಿದ್ರು. ನಾ ಅಂದೆ, "ಯಾರೂ ಹೋಗಬ್ಯಾಡ್ರಿ. ಒಬ್ಬಾಕಿ ಸಾಯಲಿಲ್ಲ ಅಂತ ಇಷ್ಟು ಒದರಿದ್ರಿ, ಇನ್ನೊಬ್ಬಾಕೀದೂ ಕೇಳಿಸ್ಕೊಂಡು ಹೋಗ್ರಿ."

"ಅಮ್ಮಾ, ಬಿಪಿ ಐತಿ ನಿನಗ..." ಅಂತ ತ್ರಿವೇಣಿ ಬಂದ್ಲು. "ಈರಬಸಪ್ಪ ತಾನ ಫೋನ್ ಮಾಡಿ ಹೇಳಬ್ಯಾಡ ಅಂದಾ. ಇವರು ನಿಧಾನಕ್ಕ ನಾ ಹೇಳ್ತೀನಿ ಅಂದ್ರು."

"ನಿಧಾನಕ್ಕ! ಸಂಕ್ರಾಂತಿ ಹೋಗಿ ಯುಗಾದಿ ಬಂತು, ಇನ್ನೆಷ್ಟು ನಿಧಾನ?"

ಆಗ ಅವರು ಹೇಳಿದ್ರು. ಮಾರಿ ಎತ್ತಲಿಲ್ಲ. "ತೀರ್ಕೊಂಡ್ರು ಅತ್ತೆ. ಸಂಕ್ರಾಂತಿ ಮಾರನೇ ದಿನ. ಪಡಸಾಲೇಲಿ ಕೂತು ಕಡ್ಲೆಕಾಯಿ ಸುಲೀತಾ ಇದ್ರಂತೆ. ಹಾಗೇ ಗೋಡೆಗೆ ಒರಗಿದ್ರು. ನಿದ್ದೆ ಅನ್ಕೊಂಡ್ರಂತೆ ಎಲ್ಲಾ."

"ಯಾವ ಸೀರಿ ಉಡಿಸಿದ್ರು?"

"ಹಸಿರು ಇಳಕಲ್ ಸೀರೆ. ನೀವು ಕಳಿಸಿದ್ದು."

"ನಿಮಗ ಹ್ಯಾಂಗ ಗೊತ್ತು?"

"ಈರಬಸಪ್ಪ ವೀಡಿಯೋ ಕಾಲ್ ಮಾಡಿದ್ದ. ಕಾರಲ್ಲಿ ಕೂತು ನೋಡ್ದೆ. ಮಣ್ಣು ಮಾಡೋವರ್ಗೂ ನೋಡ್ದೆ ಅತ್ತೆ." ಗಂಡಸು ಮನಿಷ್ಯಾ, ಅಷ್ಟು ಮಂದಿ ಮುಂದ, ಹಿತ್ತಾಳಿ ಗುಂಡಿ ಅಂಗಿಯಾಗ ಬಿಕ್ಕಿ ಬಿಕ್ಕಿ ಅಳಾಕತ್ತಿದ್ರು.

ಅಲ್ಲಿ ನನ್ನ ಸಿಟ್ಟು ನೆತ್ತಿಗೇರಿತು. ನನ್ನ ತಂಗಿ ಅದು! ಒಂದ ಹಾಸಿಗ್ಯಾಗ ಮಲಗಿ, ಒಂದ ಗಂಗಾಳದಾಗ ಉಂಡು ಬೆಳದ ತಂಗಿ. ಅಕಿಗೆ ಇವರು ಕಾರಿನ್ಯಾಗ ಕುಂತು ಅತ್ತಾರ, ನಾ ದಿನಾ ಚಾದ ಜೋಡಿ ಅಕಿಗೆ ಬೈಗಳ ಹಾಕೀನಿ. ಮಣ್ಣಿನ್ಯಾಗ ಇದ್ದಾಕಿಗೆ ಬೈಗಳ!

"ನೀವು ಅತ್ತು ಮುಗಿಸೀರಿ," ಅಂದೆ. "ನನ್ನ ಪಾಲಿನ ಅಳು ಎಲ್ಲಿಟ್ಟೀರಿ? ಆ ಭಾನುಮತಿ ಇಲ್ಲದ ಸಾವಿಗೆ ಅತ್ತೀನಿ ಅಂತ ಉರದು ಬೀಳಾಕತ್ತಾಳ. ನಾ ಇದ್ದ ಸಾವಿಗೆ ಅಳಲಿಲ್ಲಲ್ರೀ. ಬಿಪಿ ಅಂತ ಬಿಪಿ! ಗಂಡನ್ನ ಮಣ್ಣಿಗಿಟ್ಟ ಬಂದಾಕಿ ನಾನು. ನನ್ನ ಎದಿ ಗಟ್ಟಿ ಐತಿ. ನಿಮ್ಮ ಬಾಯಿ ಸಪ್ಪಗ ಐತಿ!"

ಅಳಿಯಗ ಹಿಂಗ ಅಂದ ಅತ್ತಿ ನಮ್ಮ ವಂಶದಾಗ ಯಾರೂ ಇಲ್ಲ. ಅಂದೆ.

ಪೃಥ್ವಿ ಬಾಗಲದಾಗ ಫೋನ್ ಹಿಡಕೊಂಡು ನಿಂತಿದ್ದ. ಅವಗ ಹೇಳಿದೆ, "ಏ, ಆ ಕಂಪ್ಲೇಂಟಿನ್ಯಾಗ ನನ್ನ ಹೆಸರೂ ಹಾಕು. ಗೌರಾದೇವಿ. ಸತ್ತಾಕೀನ ಸತ್ಲು ಅಂತ ಹೇಳ್ರಿ ಅಂತ ಬರಿ. ಅಷ್ಟ ಸಾಕು." ಹಾಕ್ಯಾನ ಅಂತ. ಆಮ್ಯಾಲ ಈರಬಸಪ್ಪಗ ಫೋನ್ ಹಚ್ಚಿಸಿ ಬೈದದ್ದು ಇಲ್ಲಿ ಹೇಳೂ ಹಂಗಿಲ್ಲ, ಹೆಣ್ಣುಮಕ್ಕಳು ಓದ್ತಾರ.

ಆ ವಾರ ನಾನು ಅಳಿಯಂದ್ರ ಜೋಡಿ ಮಾತಾಡಲಿಲ್ಲ. ಏನರ ಬೇಕಾದ್ರ ಫ್ರಿಜ್ಜಿಗೆ ಹೇಳ್ತಿದ್ದೆ, ನಮ್ಮವ್ವ ಬಾಗಲಕ್ಕ ಹೇಳಿದಂಗ. ಅಳು ಅಂದ್ರ ಬರಲಿಲ್ಲ. ಅದೂ ಸಿಟ್ಟು. ಅಳೂ ಹೊತ್ತು ಮೀರಿದ ಮ್ಯಾಲ ಒಬ್ಬಾಕಿನ ಕುಂತು ಹ್ಯಾಂಗ ಅಳೂದು? ನಮ್ಮೂರಾಗಾದ್ರ ಹೆಣದ ಮುಂದ ಕುಂತು ಹಾಡಿ ಹಾಡಿ ಅಳ್ತಾರ. ಇಲ್ಲಿ ಯಾರ ಮುಂದ ಹಾಡ್ಲಿ, ಮೈಕ್ರೋವೇವ್ ಮುಂದ?

ಶುಕ್ರವಾರ ಬಂತು. ಅವರು ಆಫೀಸಿಂದ ಬಂದು ಬೂಟು ಬಿಚ್ಚಿ ಸುಮ್ಮನ ಒಳಗ ಹೊಂಟಿದ್ರು. ನಾ ಸೋಫಾದ ನನ್ನ ತುದಿಗೆ ಕುಂತು ಅಂದೆ, "ಹಚ್ರಿ ಟೀವಿ. ದ್ಯಾಮಕ್ಕ ಹೋದ ದಿನದ್ದು ಹಚ್ರಿ. ಇದ್ದದ್ದು ಇದ್ದಂಗ ಹೇಳ್ರಿ."

"ಬೇಡ ಅತ್ತೆ..."

"ಹಚ್ರಿ ಅಂದೆ."

ಹಚ್ಚಿದ್ರು. ಹಡಗಿಗೆ ಬೆಂಕಿ. ದ್ಯಾಮಕ್ಕ ಎಲ್ಲಾರನ್ನೂ ಹೊರಗ ದಬ್ಬಿ ಒಳಗ ನಿಂತ್ಲು. ಬಾಗಲ ಮುಚ್ಚಿತು. ಕ್ಯಾಪ್ಟನ್ ಹೊರಗ ನಿಂತು ಬಾಗಲ ಬಡ್ಯಾಕತ್ತಾನ. ಮೊದಲ ನೋಡಿದಾಗ ಇಲ್ಲಿಗೆ ಇವರು, ಹೋಗಿ ಬರ್ತೀನಿ ಅಂತಿದಾರೆ ಅತ್ತೆ, ಅಂದಿದ್ರು.

ಈ ಸಲ ಅಳಿಯಂದ್ರು ರಿಮೋಟಿಗೆ ಕೈ ಚಾಚಿದ್ರು. ನಾ ಬಿಡಲಿಲ್ಲ. "ಹೇಳ್ರಿ."

"ಇನ್ಮೇಲೆ ನೀವೇ ನೋಡ್ಕೊಳ್ಳಿ, ಅಂತಿದಾರೆ. ಅಡುಗೆ ಮನೆ ದೀಪ ಆರಿಸಬೇಡಿ, ಅಂತಿದಾರೆ." ಹೊಳ್ಳಿ ನನ್ನ ಮಾರಿ ನೋಡಿದ್ರು. "ಸತ್ರು ಅತ್ತೆ."

"ಹಿಂಬಾಗಿಲ ಇತ್ತೇನ್ರಿ?"

"ಇಲ್ಲ ಅತ್ತೆ. ಇರ್ಲಿಲ್ಲ."

ಆಗ ಬಂತು ನನಗ. ನಮ್ಮೂರ ರಾಗದಾಗ ಬಂತು. ಗಂಗೀ, ನನ್ನ ತಂಗೀ, ಶೇಂಗಾ ಸುಲಿಯೂದು ಅರ್ಧಕ್ಕ ಬಿಟ್ಟು ಹೋದೇನ, ಬಯ್ಯೂ ಅಕ್ಕನ್ನ ಬಿಟ್ಟು ಹೋದೇನ, ಅಂತ ಎದಿ ಬಡಕೊಂಡು ಹಾಡಿದೆ. ಬಾಜೂ ಮನಿ ದೀಪ ಹತ್ತಿದವು. ಹತ್ತಲಿ. ಅಳಿಯಂದ್ರು ನೀರು ತರಾಕ ಎದ್ರು. "ಕುಂದರ್ರಿ," ಅಂದೆ. ಕುಂತ್ರು.