ರೋಜಾ ಹಿಡಿದು ಮಾವಿನಹಣ್ಣು ತಿಂದ ನಮ್ಮತ್ತೆ

ನಮ್ಮತ್ತೆ ನಡುಮನೆಯಲ್ಲಿ ಕೂತು ಮಾವಿನಹಣ್ಣು ಚೀಪುತ್ತಿದ್ದರು. ರಂಜಾನಿನ ಉಪವಾಸ, ರೋಜಾ ಹಿಡಿದ ದಿನ. ನಡುಮಧ್ಯಾಹ್ನ.

ಸೊಂಟದ ಮೇಲಿನ ಕೊಡ ಇಳಿಸುವುದೂ ತೋಚದೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಇದು ಎಂಬತ್ತರ ದಶಕದ ಮಾತು. ದೇವದುರ್ಗದಲ್ಲಿ ನಮ್ಮ ಮನೆಯವರದು ಬಳೆ ಅಂಗಡಿ. ಮಾನ್ವಿಯಿಂದ ಮದುವೆಯಾಗಿ ಬಂದ ನನಗೆ ಆ ಮನೆಯಲ್ಲಿ ಅದು ಮೊದಲ ರಂಜಾನ್.

ಆ ವರ್ಷ ರಂಜಾನ್ ನಡುಬೇಸಿಗೆಗೇ ಬಂದಿತ್ತು. ನಮ್ಮ ರಾಯಚೂರು ಕಡೆಯ ಬಿಸಿಲು ಗೊತ್ತಲ್ಲ... ನುಂಗಬೇಕೆಂದರೆ ಬಾಯಲ್ಲಿ ಉಗುಳೂ ಇರುವುದಿಲ್ಲ.

ಅತ್ತೆಗೆ ವಯಸ್ಸಾಗಿ ಮರೆವು ಶುರುವಾಗಿತ್ತು. ಅಷ್ಟು ವಯಸ್ಸಾದವರು ಉಪವಾಸ ಮಾಡಲೇಬೇಕೆಂದಿಲ್ಲ, ಬದಲಿಗೆ ಬಡವರಿಗೆ ಊಟ ಹಾಕಿದರೆ ಸಾಕು ಎಂದು ಎಲ್ಲರೂ ಹೇಳಿ ನೋಡಿದ್ದರು. ಅವರು ಕೇಳಲಿಲ್ಲ.

ಹಿಂದಿನ ವರ್ಷ ಜ್ವರ ಬಂದು ಕೆಲವು ರೋಜಾ ತಪ್ಪಿದ್ದಕ್ಕೆ ಹಬ್ಬದ ದಿನ ಹೊಸ ಸೀರೆ ಉಡದೆ ಅತ್ತಿದ್ದರಂತೆ. ಈ ಸಲ ಒಂದೂ ತಪ್ಪಬಾರದು ಎಂಬ ಹಟ.

ಈಗ ನೋಡಿದರೆ, ಮೊಣಕೈವರೆಗೆ ರಸ.

ಅಷ್ಟರಲ್ಲಿ ನಮ್ಮವರು ಅಂಗಡಿಯಿಂದ ಬಂದರು. ತಾಯಿಯನ್ನು ನೋಡಿ ಬಾಯಿ ತೆರೆದರು, ನಾನು ಅಂಗಿ ಹಿಡಿದು ಅಡುಗೆಮನೆಗೆ ಎಳೆದುಕೊಂಡೆ. ಹೇಳಿದರೆ ಆ ಜೀವ ಅಳುತ್ತದೆ. ಹೇಳದಿದ್ದರೆ ನೋಡಿಯೂ ಸುಮ್ಮನಿದ್ದ ಪಾಪ ನಮಗೆ ಬರುತ್ತದೇನೋ...

ಅವರು ಅದೇ ಬಿಸಿಲಲ್ಲಿ ಮಸೀದಿಗೆ ನಡೆದರು. ವಾಪಸು ಬರುವಾಗ ಮುಖದ ತುಂಬ ನಗು.

ಮರೆತು ತಿಂದರೆ ರೋಜಾ ಮುರಿಯುವುದಿಲ್ಲ, ಅದು ಅಲ್ಲಾಹನೇ ತಿನ್ನಿಸಿದ್ದು ಎಂದರಂತೆ ಇಮಾಮ್ ಸಾಹೇಬರು. ನೆನಪಾದ ಕೂಡಲೇ ಉಗುಳಿ, ಬಾಯಿ ತೊಳೆದು ಮುಂದುವರಿಸಿದರಾಯಿತು. ಗಟ್ಟಿಮುಟ್ಟಾದವರು ಮರೆತು ತಿನ್ನುತ್ತಿದ್ದರೆ ನೆನಪಿಸಬೇಕು. ಇಷ್ಟು ಮುದಿ ಜೀವವಾದರೆ ಸುಮ್ಮನಿದ್ದರೂ ನಡೆಯುತ್ತದೆ.

ನಾವು ಸುಮ್ಮನಿದ್ದೆವು. ಸುಮ್ಮನಿದ್ದದ್ದಷ್ಟೇ ಅಲ್ಲ, ಇಫ್ತಾರಿಗೆಂದು ತಂದಿದ್ದ ಹಣ್ಣಿನ ಬುಟ್ಟಿಯನ್ನು ನಮ್ಮವರು ತಾಯಿಯ ಕೈಗೆ ಎಟಕುವಂತೆ ಇನ್ನಷ್ಟು ಹತ್ತಿರ ಸರಿಸಿಟ್ಟರು.

ಆಮೇಲೆ ತಾವೂ ಹೋಗಿ ನೀರಿನ ಹರವಿಯ ಎದುರು ಕೂತರು. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. ರೋಜಾ ಇರುವುದನ್ನು ಮರೆಯಲು ನೋಡುತ್ತಿದ್ದರಂತೆ. ಆದರೆ ಮರೆಯಬೇಕು ಅನ್ನುವುದೇ ಮತ್ತೆ ಮತ್ತೆ ನೆನಪಾಗುತ್ತಿತ್ತಂತೆ.

ಮರುದಿನ ಪಕ್ಕದ ಮನೆಯ ಈರಮ್ಮಕ್ಕ ಬಂದರು. ರಂಜಾನ್ ತಿಂಗಳಲ್ಲಿ ನಮ್ಮೆದುರು ಎಲೆಅಡಿಕೆ ಸಹ ಹಾಕಿಕೊಳ್ಳದ ಹೆಂಗಸು. ಅವತ್ತೂ ಮರೆತು ತಿಂದು ಮುಗಿಸುತ್ತಿದ್ದ ಅತ್ತೆಯ ಕೈಯಲ್ಲಿ ಹಣ್ಣು ನೋಡಿ, ಪಾಪ, ಕಾಳಜಿಯಿಂದಲೇ ಕೇಳಿದರು.

"ಯವ್ವಾ, ಮೈಯಾಗ ಆರಾಮಿಲ್ಲೇನ್ರಿ? ಇವತ್ತ ರೋಜಾ ಬಿಟ್ಟೀರಿ."

ಅತ್ತೆಯ ಕೈ ಅಲ್ಲೇ ನಿಂತಿತು. ಉಗುಳಿದರು. ಬಾಯಿ ತೊಳೆದುಕೊಂಡರು. ಸೆರಗು ಮುಖಕ್ಕೆ ಎಳೆದುಕೊಂಡು ಅಳಲು ಕೂತರು. ಅವರನ್ನು ನೋಡಿ ಈರಮ್ಮಕ್ಕನೂ ಅಳತೊಡಗಿದರು.

ರೋಜಾ ಮುರಿದಿಲ್ಲ ಎಂದು ನಮ್ಮವರು ಎಷ್ಟು ಹೇಳಿದರೂ ಅತ್ತೆ ನಂಬಲಿಲ್ಲ. ಹುಟ್ಟಿದಾಗಿನಿಂದ ತನಗೆ ಸುಳ್ಳು ಹೇಳುತ್ತಾ ಬಂದವನು, ಇವನ ಮಾತು ಯಾವ ಲೆಕ್ಕ ಎಂದುಬಿಟ್ಟರು. ಇಮಾಮ್ ಸಾಹೇಬರೇ ಬಂದು ಹೇಳಬೇಕಂತೆ.

ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಅವರೇ ಬಂದರು. ಬಾಗಿಲ ಪರದೆಯ ಆಚೆ, ಕಟ್ಟೆಯ ಮೇಲೆ ಕೂತರು. ಒಳಗೆ ಈರಮ್ಮಕ್ಕ ಇದ್ದದ್ದರಿಂದ ಎಲ್ಲರೂ ದಖನಿ ಉರ್ದು ಬಿಟ್ಟು ಕನ್ನಡಕ್ಕೆ ಬಂದಿದ್ದರು.

ಅತ್ತೆ ಪರದೆಯ ಈಚೆಯಿಂದ ಹೇಳಿದರು, "ಸಣ್ಣ ತಪ್ಪಲ್ರಿ. ಪೂರಾ ಹಣ್ಣ ತಿಂದೀನಿ. ಸಿಪ್ಪಿನೂ ಬಿಟ್ಟಿಲ್ಲ."

"ಮರತ ತಿಂದೀರಲ್ಲ ಅಮ್ಮಾ. ಅದು ಅಲ್ಲಾಹ್ ತಿನ್ಸಿದ್ದು. ನಿಮ್ಮ ರೋಜಾ ಗಟ್ಟಿ ಅದ."

ಅತ್ತೆ ಕಣ್ಣೊರೆಸಿಕೊಂಡರು. ಅವರಿಗಿನ್ನೂ ಒಂದು ಡೌಟ್ ಉಳಿದಿತ್ತು.

"ಹಂಗಾರ ಅಷ್ಟು ಹುಳಿ ಯಾಕಿತ್ರಿ?"

ಪರದೆಯ ಆಚೆಯಿಂದ ಇಮಾಮ್ ಸಾಹೇಬರ ದನಿ ಕೇಳಿಸಿತು, ನಗು ತಡೆದುಕೊಂಡ ದನಿ.

"ತಿನ್ಸಿದ್ದು ಅಲ್ಲಾಹ್ ಅಮ್ಮಾ. ಸಂತ್ಯಾಗ ಆರಿಸಿ ತಂದಾಂವ ನಿಮ್ಮ ಮಗ."

ಅತ್ತೆ ನಕ್ಕರು. ಆ ಮನೆಗೆ ಬಂದ ಮೇಲೆ ಅವರು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮವರು ಮಾತ್ರ ತಲೆ ತಗ್ಗಿಸಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಈರಮ್ಮಕ್ಕನಿಗೆ ಧೈರ್ಯ ಬಂತು. ಶ್ರಾವಣ ಸೋಮವಾರ ತಾನೂ ಹೀಗೆ ಮರೆತು ಉಂಡರೆ ನಡೆಯುತ್ತದೆಯೇ ಎಂದು ಕೇಳಿಯೇಬಿಟ್ಟರು. ಅದನ್ನು ನಿಮ್ಮ ಅಯ್ಯನವರನ್ನೇ ಕೇಳಬೇಕವ್ವಾ ಎಂದು ಇಮಾಮ್ ಸಾಹೇಬರು ಎದ್ದು ಹೊರಟರು.

ಅತ್ತೆ ಆ ವರ್ಷ ಎಲ್ಲ ರೋಜಾ ಮುಗಿಸಿದರು. ನಡುವೆ ಇನ್ನೂ ಎಷ್ಟು ಸಲ ಮರೆತರೋ ಆ ಅಲ್ಲಾಹನಿಗೇ ಗೊತ್ತು. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಈರಮ್ಮಕ್ಕನೂ ಸಹ.

ಅತ್ತೆ ಹೋಗಿ ಬಹಳ ಕಾಲವಾಯಿತು. ಕಳೆದ ಚಳಿಗಾಲದಲ್ಲಿ ನಮ್ಮವರೂ ಹೋದರು.

ಅಸರ್ ಹೊತ್ತಿಗೆ ಅವರು ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲೆಂದು ನಾನು ತಂಬಿಗೆ ನೀರು ತುಂಬಿ ಬಚ್ಚಲ ಮುಂದೆ ಇಡುತ್ತಿದ್ದೆ. ಈಗಲೂ ಒಮ್ಮೊಮ್ಮೆ ಇಟ್ಟುಬಿಡುತ್ತೇನೆ.

ಸೊಸೆ ನೋಡುತ್ತಾಳೆ. ಏನೂ ಅನ್ನುವುದಿಲ್ಲ. ಸುಮ್ಮನೆ ಬಂದು ಅದೇ ನೀರಿನಲ್ಲಿ ತಾನು ಕೈಕಾಲು ತೊಳೆದುಕೊಂಡು ನಮಾಜಿಗೆ ನಿಲ್ಲುತ್ತಾಳೆ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮರೆತರೆ, ನೀವು ನೆನಪಿಸುತ್ತೀರೋ... ಸುಮ್ಮನಿರುತ್ತೀರೋ?