ಓಬಣ್ಣ ಕಣ್ಣು ತಗ್ಗಿಸಿ ನಿಂತ ಗಳಿಗೆ

ಆ ಮಾತು ಕ್ಯಾಮೆರಾದವನದಲ್ಲ, ಓಬಣ್ಣ. ನನ್ನದು. ಕೈ ಬೀಸಬೇಕೆಂದು ಅವನು ಹೇಳಿರಲೇ ಇಲ್ಲ. ನೀನು ಕಣ್ಣು ಮುಚ್ಚುವವರೆಗೂ ನಾನು ಬಾಯಿ ಬಿಡಲಿಲ್ಲ — ಈಗ ಹೇಳಿ ಏನು ಬಂತು, ಆದರೂ ಬರೆಯುತ್ತೇನೆ.

ಮೊಳಕಾಲ್ಮೂರಿನಲ್ಲಿ ಸೀರೆಗಂಟು ಹೊತ್ತು ತಿರುಗಿ ಅಂಗಡಿ ಇಟ್ಟವನು ನಾನು. ಕೊಂಡ್ಲಹಳ್ಳಿಯ ಬಯಲಾಟದಲ್ಲಿ ಹೆಣ್ಣುವೇಷ ಕಟ್ಟುತ್ತಿದ್ದವನು ನೀನು. ಮೂಕಿ ಚಿತ್ರ ತೆಗೆಯಲು ಮುಂಬಯಿಯಿಂದ ಬಂದವರ ಹಿಂದೂಸ್ತಾನಿ ನಿನಗೆ ತಿಳಿಯದು. ಸಂತೆಯಲ್ಲಿ ಕಲಿತ ಉರ್ದುವಿನಲ್ಲಿ ನಾನೇ ಮಧ್ಯಸ್ಥನಾದೆ. ನೀನು ಉಡುವುದು ನನ್ನ ಅಂಗಡಿಯ ಸೀರೆಯೇ ಆಗಬೇಕೆಂದು ಚೌಕಾಸಿ ಮಾಡಿ ಒಪ್ಪಿಸಿದೆ.

ಗಂಡ ಸತ್ತ ಸುದ್ದಿ ಕೇಳುವ ಹೆಂಗಸಿನ ವೇಷ ನಿನ್ನದು. ಕ್ಯಾಮೆರಾದವನು ಪೆಟ್ಟಿಗೆಯನ್ನು ನಿನ್ನ ಹತ್ತಿರಕ್ಕೇ ತಂದಿಟ್ಟು ನನಗೆ ಹೇಳಿದ — ಅಲುಗಬೇಡ ಅನ್ನಿ, ಇಷ್ಟು ಹತ್ತಿರದಿಂದ ರೆಪ್ಪೆ ಅದುರಿದರೂ ಸಾಕು, ದುಃಖ ಕಾಣುತ್ತದೆ.

"ಏನಂತಾರ್ರಿ ಸಾವ್ಕಾರ್ರೆ?" ಎಂದೆ ನೀನು.

ಸುಮ್ಮನೆ ನಿಂತರೆ ಸೆರಗಿನ ಬುಟ್ಟಾ ಯಾರಿಗೆ ಕಾಣಬೇಕು — ನಾನು ಯೋಚಿಸಿದ್ದು ಅಷ್ಟೇ.

"ಬಯಲಾಟದಂಗೇ ಮಾಡ್ಬೇಕಂತೆ ಕಣಲೇ. ಎರಡೂ ಕೈ ಚಾಚಿ ಸೆರಗು ಹಾರ್ಸು. ಪೆಟ್ಟಿಗೆಗೆ ಕಣ್ಣು ಮಂದ ಐತೆ."

ಕ್ಯಾಮೆರಾದವನು ಹುಬ್ಬು ಗಂಟಿಕ್ಕಿದಾಗ, ನಮ್ಮ ಕಡೆ ಅಳುವುದೇ ಹೀಗೆ ಎಂದು ಅವನಿಗೂ ಸುಳ್ಳು ಹೇಳಿದೆ.

ಚಳ್ಳಕೆರೆಯ ಟೆಂಟಿಗೆ ಚಿತ್ರ ಬಂತು. ಸೀರೆಯ ಬಣ್ಣ ಬೂದಿಯಾಗಿತ್ತು, ಬುಟ್ಟಾ ಒಂದೂ ಕಾಣಲಿಲ್ಲ. ಕಂಡದ್ದು ಪರದೆಯಗಲ ಬೀಸುವ ನಿನ್ನ ಕೈಗಳು.

"ಲೇ, ಹೊಲದಾಗ ಗುಬ್ಬಿ ಓಡಿಸ್ತಾನೆ ನೋಡ್ರೋ," ಎಂದ ಯಾರೋ. ಟೆಂಟಿಗೆ ಟೆಂಟೇ ನಕ್ಕಿತು.

ಹೊರಗೆ ಬಂದು ನೀನು ಕೇಳಿದೆ, "ನಂದೇ ತಪ್ಪೇನ್ರಿ? ಅವ್ರು ಹೇಳ್ದಂಗೇ ಮಾಡಿದ್ನಲ್ಲ."

"ಯಾವುದಕ್ಕೂ ಒಂದು ಅಳತೆ ಬೇಕಪ್ಪ," ಎಂದು ನಿನಗೇ ಬುದ್ಧಿ ಹೇಳಿದೆ.

ನೀನು ತಲೆಯಾಡಿಸಿದೆ. ಮತ್ತೆ ಗೆಜ್ಜೆ ಕಟ್ಟಲಿಲ್ಲ.

ಇಬ್ಬರ ನಡುವೆ ನಿಂತು ಮಾತು ದಾಟಿಸುವವರಿಗೆ ನಾನು ಹೇಳುವುದೇನೆಂದರೆ — ಬೇಡ, ನನ್ನ ಬುದ್ಧಿಮಾತು ಸಾಕು.

ಈಗಿನ ಚಿತ್ರಗಳಲ್ಲಿ ಪೆಟ್ಟಿಗೆ ಮುಖದ ಹತ್ತಿರಕ್ಕೇ ಬರುತ್ತದೆ. ಹೆಂಗಸು ಅಲುಗುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಜನ ಉಸಿರು ಬಿಗಿಹಿಡಿಯುತ್ತಾರೆ. ಪ್ರತಿಸಲವೂ ಅಲ್ಲಿ ನನಗೆ ಕಾಣುವುದು ನಿನ್ನ ಮುಖ. ಯಾಕೆಂದರೆ — ಇದನ್ನೂ ಹೇಳಿಬಿಡುತ್ತೇನೆ — ಆ ಚಿತ್ರದಲ್ಲಿ ಕೈ ಎತ್ತುವ ಮುಂಚೆ ಒಂದು ಗಳಿಗೆ ನೀನು ಕಣ್ಣು ತಗ್ಗಿಸಿ ನಿಂತಿದ್ದೆ. ಆಗ ಯಾರೂ ನಕ್ಕಿರಲಿಲ್ಲ. ನನ್ನ ಪಕ್ಕದ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಅದನ್ನು ನಾನು ಅವತ್ತೇ ನೋಡಿದ್ದೆ, ಓಬಣ್ಣ. ನೋಡಿದ ಮೇಲೆಯೇ ಹೊರಗೆ ಬಂದು ನಿನಗೆ ಬುದ್ಧಿ ಹೇಳಿದ್ದು.