ಗ್ರಂಥಾಲಯಕ್ಕೆ ಬೇಡವಾದ ಸುಂದರವ್ವ

ಸುಂದರವ್ವನ ಕೆಲಸ ಹೋದದ್ದು ಒಂದು ಸೋಮವಾರ ಬೆಳಿಗ್ಗೆ. ರಬಕವಿಯ ಒಂದು ಮಗ್ಗದ ಶೆಡ್ಡಿನಲ್ಲಿ ಹದಿಮೂರು ವರ್ಷ ಅವಳು ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆ ಸುತ್ತಿದ್ದಳು. ಸೀರೆ ಮಾರಾಟವಾಗುತ್ತಿಲ್ಲವೆಂದು ಮಾಲೀಕ ಪವರ್‌ಲೂಮ್‌ಗಳನ್ನು ಗುಜರಿಗೆ ಹಾಕಿದ. "ಮತ್ತ ಚಾಲೂ ಆದ್ರ ಹೇಳಿ ಕಳಸ್ತೀನಿ" ಎಂದ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅವಳಿಗೆ ನಲವತ್ತೊಂದು. ಹತ್ತನೇ ತರಗತಿ ಪಾಸಾಗಿದ್ದಳು. ಗಂಡ ಮಾಳಿಂಗರಾಯ ಕುರಿ ಹಿಂಡಿನ ಜೊತೆ ವರ್ಷದಲ್ಲಿ ಎಂಟು ತಿಂಗಳು ಊರ ಹೊರಗೆ. ಬನಹಟ್ಟಿಯ ಶೆಡ್ಡುಗಳನ್ನೆಲ್ಲ ಎರಡು ವಾರ ಸುತ್ತಿದಳು. ಎಲ್ಲಿಯೂ ಕೆಲಸ ಇರಲಿಲ್ಲ. ಪೇಪರಿನಲ್ಲಿ ನೌಕರಿಯ ಜಾಹೀರಾತುಗಳು ಬರುತ್ತವೆಂದು ಯಾರೋ ಹೇಳಿದ ಮೇಲೆ ಓಣಿಯ ಕೊನೆಯ ಸಣ್ಣ ಗ್ರಂಥಾಲಯಕ್ಕೆ ಹೋದಳು.

ಗ್ರಂಥಪಾಲಕ ಗೋಪಾಲ ಬಾಗಿಲಲ್ಲೇ ತಡೆದ. "ಯಾರ ಬೇಕಾಗಿತ್ತವಾ?"

"ಯಾರೂ ಬ್ಯಾಡ್ರಿ. ಪೇಪರ್ ಬೇಕು."

"ಮಂದಿ ಓದಾಕತ್ತಾರ. ಆಮ್ಯಾಲೆ ಬಾ."

ಮೇಜಿನ ಮೇಲೆ ನಾಲ್ಕು ಪೇಪರುಗಳು ಮಡಿಕೆಯೂ ಬಿಚ್ಚದೆ ಬಿದ್ದಿದ್ದವು. ಅವಳು ಒಂದನ್ನೆತ್ತಿಕೊಂಡು ಕುಳಿತಳು. ಮರುದಿನ ಬಂದಾಗ ಆ ಕುರ್ಚಿ ಇರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆಯೇ ಕೂತಳು. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಕೇತಕಿ ಎಂಬ ಹುಡುಗಿ ಮೂಗು ಮುಚ್ಚಿಕೊಂಡು, "ಸರ್, ಇವರ ಸೀರಿಯಿಂದ ಎಣ್ಣಿ ವಾಸ್ನಿ ಬರಾಕತ್ತೈತ್ರಿ" ಎಂದಳು.

"ಮಗ್ಗದ ಎಣ್ಣಿ, ತಂಗಿ. ಹದಿಮೂರು ವರ್ಷದ್ದು. ತೊಳದ್ರ ಹೋಗೂದಿಲ್ಲ" ಎಂದು ಸುಂದರವ್ವ ಪುಟ ತಿರುವಿದಳು.

ಹತ್ತನೆಯ ದಿನ ಜಾಹೀರಾತು ಸಿಕ್ಕಿತು. ಮುಧೋಳದ ಒಂದು ಹಾಸ್ಟೆಲಿಗೆ ಅಡುಗೆ ಸಹಾಯಕಿ ಬೇಕಾಗಿದ್ದಳು. ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ. ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿಯವನು ಸರ್ವರ್ ಇಲ್ಲವೆಂದು ಎರಡು ದಿನ ತಿರುಗಿಸಿದ. ಗ್ರಂಥಾಲಯದ ಮೂಲೆಯಲ್ಲಿ ಒಂದು ಕಂಪ್ಯೂಟರಿತ್ತು, ಮೇಲೆ ಹಳೆಯ ಚಾದರ ಹೊದಿಸಿದ್ದರು.

"ಸರ್, ಅದನ್ನ ಚಾಲೂ ಮಾಡ್ರಿ."

"ಕೆಟ್ಟೈತಿ."

"ಯಾವಾಗಿಂದ ಕೆಟ್ಟೈತ್ರಿ?"

"ನಿನಗ ಯಾಕ ಬೇಕು? ಕೆಲಸ ಇಲ್ದವರಿಗೆಲ್ಲ ಇದೊಂದು ಧರ್ಮಶಾಲಿ ಆಗೈತಿ."

"ಕೆಲಸ ಇದ್ದಿದ್ರ ನಿಮ್ಮ ಮಾರಿ ನೋಡಾಕ ನಾ ಯಾಕ ಬರತಿದ್ದೆ?" ಅವಳು ಒಂದು ಬಿಳಿ ಹಾಳೆ, ಪೆನ್ನು ಅವನ ಮುಂದಿಟ್ಟಳು. "ಕೆಟ್ಟೈತಿ ಅಂತ ಬರದು ಸಹಿ ಮಾಡಿ ಸಿಕ್ಕಾ ಹಾಕಿ ಕೊಡ್ರಿ. ಬಾಗಲಕೋಟಿಗೆ ನಿಮ್ಮ ಸಾಹೇಬ್ರಿಗೆ ತೋರಸ್ತೀನಿ."

ಗೋಪಾಲ ಬರೆಯಲಿಲ್ಲ. ಎದ್ದು ಚಹಾ ಕುಡಿಯಲು ಹೋದ. ತಿರುಗಿ ಬಂದಾಗಲೂ ಅವಳು ಮೇಜಿನ ಮುಂದೆ ನಿಂತೇ ಇದ್ದಳು. ಬಾಗಿಲು ಹಾಕುವವರೆಗೆ ನಿಂತಳು. ಮರುದಿನವೂ ಬಂದು ನಿಂತಳು. ಓದುವವರು ಗೊಣಗಿದರು, ಒಬ್ಬ ಬೈದ. ಅವಳ ಕಾಲುಗಳು ಬಾತಿದ್ದವು. ಅರ್ಜಿಗೆ ಅದೇ ಕೊನೆಯ ದಿನ. ಮಧ್ಯಾಹ್ನ ಗೋಪಾಲ ಕಪಾಟಿನ ಬೀಗ ತೆಗೆದು, ವೈರುಗಳ ಗಂಟನ್ನು ಮೇಜಿನ ಮೇಲೆ ಎಸೆದ.

"ಏನರ ಆದ್ರ ನನ್ನ ಪಗಾರದಾಗ ಮುರೀತಾರ. ನಿನಗೇನ ಗೊತ್ತು ಅದು?"

ಕಂಪ್ಯೂಟರು ಕೆಟ್ಟಿರಲೇ ಇಲ್ಲ. ಅದು ಗ್ರಂಥಾಲಯಕ್ಕೆ ಬಂದ ಎರಡು ವರ್ಷದಲ್ಲಿ ಆ ಹೆದರಿಕೆಗೇ ಅವನು ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಕೇತಕಿ ಎದ್ದು ಬಂದು ವೈರು ಜೋಡಿಸಿದಳು. "ನಿಮ್ಮ ಸಲುವಾಗಿ ಅಲ್ರಿ, ನನ್ನ ಹಾಲ್ ಟಿಕೆಟ್ ತಗೀಬೇಕು" ಎಂದಳು. ಆದರೂ ಮೊದಲು ಸುಂದರವ್ವನ ಅರ್ಜಿಯನ್ನೇ ತುಂಬಿದಳು, ಪ್ರತಿ ಸಾಲಿಗೂ ಗದರಿಸುತ್ತ.

ಆ ಕೆಲಸ ಬೀಳಗಿಯ ಯಾರಿಗೋ ಸಿಕ್ಕಿತು. ಸುದ್ದಿ ತಿಳಿದ ದಿನ ಸುಂದರವ್ವ ಒಲೆ ಹಚ್ಚಲಿಲ್ಲ. ಮರುದಿನ ತನ್ನ ಶೆಡ್ಡಿನಲ್ಲಿ ಕೆಲಸ ಕಳೆದುಕೊಂಡ ಮೂವರು ಹೆಂಗಸರನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಬಂದಳು. ಗೋಪಾಲ 'ಒಬ್ಬರಿಗೆ ಅರ್ಧ ತಾಸು ಮಾತ್ರ' ಎಂದು ಬರೆದು ಗೋಡೆಗೆ ಅಂಟಿಸಿದ. ಅದನ್ನೇ ತೋರಿಸಿ ಅವಳು ಹೊತ್ತು ಮೀರಿ ಕೂತ ಹುಡುಗರನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸತೊಡಗಿದಳು. ಒಂದೇ ಬೆರಳಿನಲ್ಲಿ ಟೈಪು ಮಾಡುವುದು ಕಲಿತಳು. ತಾನೇ ಒಂಬತ್ತು ಅರ್ಜಿ ಕಳಿಸಿದಳು. ಮೂರನೆಯ ತಿಂಗಳು ಮಹಾಲಿಂಗಪುರದ ಒಂದು ಹಾಸ್ಟೆಲಿನ ಅಡುಗೆಮನೆಯ ಕೆಲಸಕ್ಕೆ ಕರೆ ಬಂತು.

ಅದನ್ನು ಹೇಳಲು ಅವಳು ಗ್ರಂಥಾಲಯಕ್ಕೆ ಹೋಗಲಿಲ್ಲ. ಬೇರೆಯವರು ಹೇಳಿದಾಗ ಗೋಪಾಲ, "ಛಲೋ ಆತು, ಪೀಡಾ ಹೋತು" ಎಂದನಂತೆ.

ಹೋದ ತಿಂಗಳು ನಾದಿನಿ ಉಮಾಶ್ರೀಯ ಶೆಡ್ಡೂ ಮುಚ್ಚಿತು. ರಜೆಯ ದಿನ ಸುಂದರವ್ವ ಅವಳನ್ನು ಕರೆದುಕೊಂಡು ಹೋದಳು. "ಅಲ್ಲಿ ಬೈತಾರಂತಲ್ಲ ಅಕ್ಕಾ?" ಎಂದು ಉಮಾಶ್ರೀ ಹಾದಿಯಲ್ಲಿ ಕೇಳಿದಳು.

"ಬೈತಾರ. ಬೈಸ್ಕೊ. ಎದ್ದ ಮಾತ್ರ ಬರಬ್ಯಾಡ."

ಗೋಪಾಲ ತಲೆ ಎತ್ತಲಿಲ್ಲ. ಸುಂದರವ್ವನೂ ನಮಸ್ಕಾರ ಹೇಳಲಿಲ್ಲ. ನೇರವಾಗಿ ಮೂಲೆಗೆ ಹೋಗಿ ಉಮಾಶ್ರೀಗೆ ಸ್ವಿಚ್ಚು ಎಲ್ಲಿದೆಯೆಂದು ತೋರಿಸಿದಳು.